ಎರಡನೆಯ ರಾತ್ರಿ ಬಾಣಲೆ ಖಾಲಿ ಮಾಡಿ ಲೆಕ್ಕ ಸರಿದೂಗಿಸಿದ್ದು: ಒಬ್ಬ ಮಿರ್ಚಿ ಅಂಗಡಿಯವನ ಅನುಭವ

ದಾವಣಗೆರೆಯಲ್ಲಿ ಸಂಜೆ ನಾಲ್ಕರಿಂದ ರಾತ್ರಿ ಒಂಬತ್ತರವರೆಗೆ ಮಿರ್ಚಿ, ಮಂಡಕ್ಕಿ ಮಾರುವ ಅಂಗಡಿ ನಮ್ಮದು. ತಂದೆಯವರು ಇಪ್ಪತ್ತೆರಡು ವರ್ಷ ನಡೆಸಿದರು. ಹನ್ನೊಂದು ವರ್ಷದಿಂದ ನಾನು ನಡೆಸುತ್ತಿದ್ದೇನೆ. ಎರಡು ದಿನಕ್ಕೊಮ್ಮೆ ಬಾಣಲೆಯ ಎಣ್ಣೆಯನ್ನು ಪೂರ್ತಿ ತೆಗೆದುಬಿಡುತ್ತೇನೆಂದು ಮೊದಲ ಸಲ ಹೇಳಿದಾಗ ನಮ್ಮ ಸಾಲಿನ ಹಿರಿಯ ಅಂಗಡಿಯವರೊಬ್ಬರು, "ಆರು ತಿಂಗಳಿಗೆ ಬಾಗಿಲು ಹಾಕ್ತೀಯ ತಮ್ಮಾ, ಎಣ್ಣೆ ಚೆಲ್ಲಿ ಉಳಿದೋರನ್ನ ನಾನು ನೋಡಿಲ್ಲ" ಎಂದಿದ್ದರು. ಈಗ ಮೂರನೆಯ ವರ್ಷ ಮುಗಿಯುತ್ತಿದೆ, ಅಂಗಡಿ ಮೊದಲಿಗಿಂತ ಚೆನ್ನಾಗಿ ನಡೆಯುತ್ತಿದೆ. ಅವರ ಮಗನೇ ಕಳೆದ ತಿಂಗಳು ಬಂದು ಬಾಣಲೆಯ ಅಳತೆ ಕೇಳಿಕೊಂಡು ಹೋದದ್ದರಿಂದ, ಇದನ್ನು ಬರೆದಿಡುವ ಕಾಲ ಬಂದಿದೆ ಎನ್ನಿಸಿತು.

ಇದೆಲ್ಲ ಶುರುವಾದದ್ದು ತಂದೆಯವರ ಎದೆನೋವಿನಿಂದ. ಎರಡು ಸ್ಟೆಂಟ್ ಹಾಕಿದ ಮೇಲೆ ಡಾಕ್ಟರು ಊಟದ ವಿವರ ಕೇಳಿದಾಗ, ಅಂಗಡಿ ಮುಚ್ಚುವ ಹೊತ್ತಿಗೆ ಉಳಿದ ಮೂರೋ ನಾಲ್ಕೋ ಮಿರ್ಚಿಯನ್ನು ಅವರು ವರ್ಷಗಟ್ಟಲೆ ರಾತ್ರಿ ಊಟದ ಜೊತೆ ತಿಂದದ್ದು ನೆನಪಾಯಿತು. ಅವರಿಗೆ ಬೀಡಿಯ ಅಭ್ಯಾಸವೂ ಸಕ್ಕರೆ ಕಾಯಿಲೆಯೂ ಇದ್ದುದರಿಂದ ಎಲ್ಲ ತಪ್ಪನ್ನೂ ಎಣ್ಣೆಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಅವರು ತಿಂದದ್ದು ದಿನದ ಕೊನೆಯ ಎಣ್ಣೆಯಲ್ಲಿ ಕರಿದದ್ದು, ಮತ್ತು ಆ ಎಣ್ಣೆ ಯಾವತ್ತೂ ಪೂರ್ತಿ ಬದಲಾದದ್ದಲ್ಲ. ನಮ್ಮ ಹಳೆಯ ಬಾಣಲೆಗೆ ಹನ್ನೆರಡು ಲೀಟರ್ ಹಿಡಿಯುತ್ತಿತ್ತು. ಪ್ರತಿದಿನ ಕಡಿಮೆಯಾದಷ್ಟು ಹೊಸದನ್ನು ಸುರಿಯುತ್ತಿದ್ದೆವು, ತಳದ ಎಣ್ಣೆಗೆ ಎಷ್ಟು ವಯಸ್ಸಾಗಿದೆಯೆಂದು ಯಾರೂ ಕೇಳುತ್ತಿರಲಿಲ್ಲ.

ಆಸ್ಪತ್ರೆಯಿಂದ ಬಂದ ವಾರ ಅಂಗಡಿ ಮುಚ್ಚಿದ್ದಾಗ ಬಾಣಲೆಯ ಕಂಠವನ್ನು ಚಾಕುವಿನಿಂದ ಕೆರೆದು ನೋಡಿದೆ. ಕಂದು ಬಣ್ಣದ ಅಂಟು ಮೇಣದಂತೆ ಸುರುಳಿ ಸುರುಳಿಯಾಗಿ ಎದ್ದು ಬಂದು ಬೆರಳಿಗೆ ಹತ್ತಿಕೊಂಡಿತು, ಬಿಸಿನೀರಿಗೂ ಸೋಪಿಗೂ ಜಗ್ಗಲಿಲ್ಲ. ಒಲೆಯ ಹಿಂದಿನ ಗೋಡೆಯ ಮೇಲೂ ಫ್ಯಾನಿನ ರೆಕ್ಕೆಯ ಮೇಲೂ ಅದೇ ಇತ್ತು. ಎಣ್ಣೆ ಮತ್ತೆ ಮತ್ತೆ ಕಾದಾಗ ಅದರ ಅಣುಗಳು ಒಂದಕ್ಕೊಂದು ಬೆಸೆದುಕೊಂಡು ಆಗುವ ಅಂಟು ಅದು. ಅದರಲ್ಲಿ ಒಂದು ಪಾಲು ಗೋಡೆಗೆ ಹತ್ತಿದರೆ ಇನ್ನೊಂದು ಪಾಲು ಮಿರ್ಚಿಯ ಜೊತೆ ಗಿರಾಕಿಯ ಹೊಟ್ಟೆಗೆ ಹೋಗುತ್ತಿತ್ತು. ಒಲೆಯ ಮುಂದೆ ಹನ್ನೊಂದು ವರ್ಷ ನಿಂತ ನನ್ನ ಎದೆಗೆ ಹೋದ ಹೊಗೆಯ ಲೆಕ್ಕ ಬೇರೆ. ಹೆಚ್ಚಿನ ಉಷ್ಣದಲ್ಲಿ ಕರಿಯುವಾಗ ಏಳುವ ಹೊಗೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 'ಬಹುಶಃ ಕ್ಯಾನ್ಸರ್ ಕಾರಕ' ಎಂಬ ಪಟ್ಟಿಯಲ್ಲಿ ಇಟ್ಟಿದೆ ಎಂಬುದು ನಮ್ಮ ವೃತ್ತಿಯವರಲ್ಲಿ ಎಷ್ಟು ಜನಕ್ಕೆ ಗೊತ್ತಿದೆಯೋ ಕಾಣೆ.

ಮೊದಲು ನಾನು ಮಾಡಿದ್ದು ದುಬಾರಿ ತಪ್ಪು. ಎಣ್ಣೆಯನ್ನು ಬದಲಿಸಿದರೆ ಸಾಕೆಂದುಕೊಂಡು ಪಾಮೋಲಿನ್ ಬಿಟ್ಟು ಶುದ್ಧ ಶೇಂಗಾ ಎಣ್ಣೆಗೆ ಹೋದೆ. ಪದ್ಧತಿ ಮಾತ್ರ ಹಳೆಯದೇ. ಮೂರು ತಿಂಗಳಲ್ಲಿ ಸುಮಾರು ನಲವತ್ತು ಸಾವಿರ ಹೆಚ್ಚುವರಿ ಖರ್ಚಾಯಿತು, ನಾಲ್ಕನೆಯ ದಿನಕ್ಕೆ ಎಣ್ಣೆ ಅಷ್ಟೇ ಕಪ್ಪಾಯಿತು. ಆಮೇಲೆ ಸೂರ್ಯಕಾಂತಿ ಎಣ್ಣೆ ತಂದೆ. ಹೃದಯಕ್ಕೆ ಒಳ್ಳೆಯದೆಂದು ಹೆಸರಾದ ಎಣ್ಣೆಯದು, ಮನೆಯ ಒಗ್ಗರಣೆಗೆ ಸರಿಯೂ ಹೌದು; ಆದರೆ ಗಂಟೆಗಟ್ಟಲೆ ಕಾಯುವ ಬಾಣಲೆಯಲ್ಲಿ ಅದು ಬೇಗ ಕೆಡುತ್ತದೆ. ಎರಡನೆಯ ಸಂಜೆಗೇ ನೊರೆ ಬಾಣಲೆಯ ಕಂಠದವರೆಗೆ ಏರಿ ಚೆಲ್ಲಿದಾಗ ಉರಿ ಹೊತ್ತಿಕೊಳ್ಳದೆ ಉಳಿದದ್ದೇ ಪುಣ್ಯ. ಇವತ್ತು ನಾನು ಬಳಸುವುದು ಎರಡು ಎಣ್ಣೆಗಳ ಮಿಶ್ರಣವನ್ನು. ಪ್ರಮಾಣವನ್ನು ಇಲ್ಲಿ ಬರೆಯುವುದಿಲ್ಲ, ಅದನ್ನು ಕಂಡುಕೊಳ್ಳಲು ನನಗೆ ಎಂಟು ತಿಂಗಳು ಹಿಡಿದಿದೆ.

ಕಣ್ಣಂದಾಜಿನ ಮೇಲಿನ ನಂಬಿಕೆ ಹೋದದ್ದು ಮೀಟರ್ ಬಂದ ಮೇಲೆ. 2018ರ ಜುಲೈ 1ರಿಂದ ಜಾರಿಯಲ್ಲಿರುವ ನಿಯಮದಂತೆ, ಎಣ್ಣೆಯಲ್ಲಿ ಟೋಟಲ್ ಪೋಲಾರ್ ಕಾಂಪೌಂಡ್, ಅಂದರೆ ಎಣ್ಣೆ ಕಾದಷ್ಟೂ ಹೆಚ್ಚುವ ಕೆಟ್ಟ ಅಂಶಗಳ ಮೊತ್ತ, ಶೇಕಡಾ 25 ದಾಟಿದರೆ ಅದನ್ನು ಅಡುಗೆಗೆ ಬಳಸುವಂತಿಲ್ಲ. ಇದನ್ನು ಅಳೆಯುವ ಕೈಮೀಟರಿಗೆ ಮೂವತ್ತು ಸಾವಿರದ ಮೇಲೆ ಕೊಟ್ಟೆ. ಪಾಲು ಹಾಕುತ್ತೇವೆಂದ ಇಬ್ಬರು ಕೊನೆಯ ಗಳಿಗೆಯಲ್ಲಿ ಹಿಂದೆ ಸರಿದಿದ್ದರಿಂದ ಪೂರ್ತಿ ಹಣ ನನ್ನ ಮೇಲೆಯೇ ಬಿತ್ತು. ಹೊಸ ಎಣ್ಣೆಯಲ್ಲೇ ಅದು ಏಳೆಂಟು ತೋರಿಸುತ್ತದೆ. ನಮ್ಮ ಹಳೆಯ ಬಾಣಲೆಯಲ್ಲಿ ಅದ್ದಿದಾಗ ತೋರಿಸಿದ್ದು 34. ಮೊದಲ ವಾರ ಅಂಕಿಗಳು ಮೇಲೆ ಕೆಳಗೆ ಆಡುತ್ತಿದ್ದವು. ಗುಳ್ಳೆ ಏಳುತ್ತಿರುವಾಗ ಅದ್ದಬಾರದು, ಮಿರ್ಚಿ ತೆಗೆದು ಐದು ನಿಮಿಷ ಬಿಟ್ಟು ಅದ್ದಬೇಕೆಂದು ತಿಳಿಯುವಷ್ಟರಲ್ಲಿ ಒಂದು ಡಬ್ಬ ಒಳ್ಳೆಯ ಎಣ್ಣೆಯನ್ನೇ ಹೊರಗೆ ಹಾಕಿದ್ದೆ. ಬಣ್ಣ ನಂಬಲು ಬಾರದೆಂಬುದೂ ಆಗಲೇ ಖಚಿತವಾಯಿತು: ಖಾರದ ಪುಡಿ, ಅರಿಶಿನ ಬಿದ್ದ ಎಣ್ಣೆ 15ಕ್ಕೇ ಕಪ್ಪಾಗಿ ಕಾಣುತ್ತದೆ, ಬರಿಯ ಪೂರಿ ಕರಿದ ಎಣ್ಣೆ 27 ಇದ್ದರೂ ತಿಳಿಯಾಗಿಯೇ ಇರುತ್ತದೆ.

ಇನ್ನು ಕೆಲಸಕ್ಕೆ ಬಂದ ಪದ್ಧತಿಗೆ ಬರುತ್ತೇನೆ. ಹನ್ನೆರಡು ಲೀಟರಿನ ಕಬ್ಬಿಣದ ಬಾಣಲೆಯ ಬದಲು ಐದು ಲೀಟರಿನ, ಬಾಯಿ ಕಿರಿದಾದ ಸ್ಟೀಲ್ ಬಾಣಲೆ ಮಾಡಿಸಿದೆ. ಎಣ್ಣೆ ಬೇಗ ಕೆಡಲು ಕಬ್ಬಿಣ ಕಾರಣವಾಗುತ್ತದೆ, ತಾಮ್ರ ಹಿತ್ತಾಳೆಗಳು ಇನ್ನೂ ಹೆಚ್ಚು. ಅಗಲ ಬಾಯಿಯಿದ್ದರೆ ಗಾಳಿ ತಾಗುವುದೂ ಜಾಸ್ತಿ. ದಿನಕ್ಕೆ ಆರುನೂರರಿಂದ ಏಳುನೂರು ಮಿರ್ಚಿ ಹೋಗುವ ಅಂಗಡಿಯಲ್ಲಿ ಹಿಟ್ಟು ಹೀರಿದ ಮೂರು ಲೀಟರಿನಷ್ಟು ಹೊಸ ಎಣ್ಣೆ ದಿನವೂ ಸೇರುವುದರಿಂದ, ಬಾಣಲೆ ಸಣ್ಣದಾದಷ್ಟೂ ಹಳೆಯದರ ಪಾಲು ಕಡಿಮೆಯಾಗುತ್ತದೆ. ಇಡೀ ಪದ್ಧತಿಯ ಜೀವ ಇದರಲ್ಲೇ ಇದೆ. ಉಷ್ಣವನ್ನು ಥರ್ಮಾಮೀಟರ್ ಇಟ್ಟು 175 ಡಿಗ್ರಿಯ ಆಚೀಚೆ ಹಿಡಿಯುತ್ತೇನೆ, ಗಿರಾಕಿ ಇಲ್ಲದಾಗ ಉರಿ ಇಳಿಸುತ್ತೇನೆ, ಒಂದು ಸಲಕ್ಕೆ ಹತ್ತಕ್ಕಿಂತ ಹೆಚ್ಚು ಬಿಡುವುದಿಲ್ಲ. ಕರಕು ಚೂರುಗಳನ್ನು ಪ್ರತಿ ಸರದಿಗೂ ಝಾರಿಯಲ್ಲಿ ತೆಗೆಯುವುದು, ಅಂಗಡಿ ಮುಚ್ಚುವಾಗ ಎಣ್ಣೆ ಉಗುರುಬೆಚ್ಚಗಿಂತ ಸ್ವಲ್ಪ ಬಿಸಿಯಿರುವಾಗಲೇ ದಪ್ಪ ಬಟ್ಟೆಯಲ್ಲಿ ಸೋಸಿ ಮುಚ್ಚಿಡುವುದು ನಿಮಗೆಲ್ಲ ಗೊತ್ತಿರುವುದೇ. ಎರಡನೆಯ ರಾತ್ರಿ ಮೀಟರ್ 19ರಿಂದ 21ರೊಳಗೆ ನಿಲ್ಲುತ್ತದೆ. ಯಂತ್ರದ ತಪ್ಪಿಗೆ ಜಾಗ ಬಿಟ್ಟು 22ನ್ನೇ ನನ್ನ ಗಡಿ ಮಾಡಿಕೊಂಡಿರುವುದರಿಂದ ಆ ರಾತ್ರಿಯೇ ತೆಗೆದುಬಿಡುತ್ತೇನೆ.

ಹಿಟ್ಟಿನ ವಿಷಯದಲ್ಲಿ ಸೋಡಾ ನಮ್ಮೆಲ್ಲರ ದೊಡ್ಡ ತಪ್ಪು. ಉಬ್ಬಲಿ ಎಂದು ಮುಷ್ಟಿಗಟ್ಟಲೆ ಸುರಿಯುತ್ತೇವೆ, ಹಾಗೆ ಉಬ್ಬಿದ ಹಿಟ್ಟು ಸ್ಪಂಜಿನಂತೆ ಎಣ್ಣೆ ಕುಡಿಯುತ್ತದೆ, ಎಣ್ಣೆಯೂ ಬೇಗ ಕಪ್ಪಾಗುತ್ತದೆ. ಸೋಡಾವನ್ನು ಕಾಲು ಭಾಗಕ್ಕೆ ಇಳಿಸಿ ಕಡಲೆಹಿಟ್ಟಿಗೆ ಅಕ್ಕಿಹಿಟ್ಟು ಸೇರಿಸಿದೆ. ಗರಿ ಉಳಿಯಲು ಇನ್ನೊಂದು ವಸ್ತುವೂ ಬೀಳುತ್ತದೆ, ಅದು ಮನೆಯ ಗುಟ್ಟು. ಕರಿಯುವ ಮೊದಲೂ ಆಮೇಲೂ ಬಾಣಲೆ ತೂಗಿ ನೋಡಿದಾಗ, ಒಂದು ಮಿರ್ಚಿ ಮೊದಲು ಏಳು ಗ್ರಾಂ ಹತ್ತಿರ ಹೀರುತ್ತಿದ್ದುದು ನಾಲ್ಕೂವರೆಗೆ ಬಂದಿತ್ತು.

ದುಡ್ಡಿನ ಲೆಕ್ಕ ಹೀಗಿದೆ, ನೆನಪಿನಿಂದ ಹೇಳುತ್ತಿದ್ದೇನೆ. ಎರಡನೆಯ ರಾತ್ರಿ ಹೊರಹಾಕುವ ನಾಲ್ಕೂವರೆ ಲೀಟರ್ ಎಂದರೆ, ಲೀಟರಿಗೆ 130 ರೂಪಾಯಿಯಂತೆ, ದಿನಕ್ಕೆ ಸುಮಾರು 290 ರೂಪಾಯಿ ನಷ್ಟ. ಹಿಟ್ಟು ಕಡಿಮೆ ಹೀರುವುದರಿಂದ ದಿನಕ್ಕೆ ಒಂದೂವರೆ ಲೀಟರ್ ಉಳಿಯುತ್ತದೆ, ಅದು 195. ಹೊರಹಾಕಿದ್ದನ್ನು ಬಯೋಡೀಸೆಲ್‌ಗೆ ಸಂಗ್ರಹಿಸುವವರು ಲೀಟರಿಗೆ 45ರ ಆಸುಪಾಸು ಕೊಡುವುದರಿಂದ ದಿನಕ್ಕೆ ನೂರರಷ್ಟು ಬರುತ್ತದೆ. ಅಲ್ಲಿಗೆ ಎರಡೂ ಕಡೆ ಸಮವಾಯಿತು. ಈ ಮೂರು ಸಾಲನ್ನು ಬರೆದು ತೋರಿಸಿದ ಮೇಲೂ ಸಾಲಿನ ಆ ಹಿರಿಯ ಅಂಗಡಿಯವರು ಒಪ್ಪಲಿಲ್ಲ, ಅವರಿಗೆ ಕಂಡದ್ದು ಚೆಲ್ಲಿದ ಎಣ್ಣೆ ಮಾತ್ರ. ಹಳೆಯ ಎಣ್ಣೆಯನ್ನು ಸಣ್ಣ ಗಾಡಿಯವರಿಗೆ ಅಗ್ಗಕ್ಕೆ ಮಾರುವ ಪದ್ಧತಿ ಊರೂರಲ್ಲಿದೆ. ನಾವೂ ಮೊದಲು ಮಾರಿದ್ದೇವೆ, ಅದನ್ನು ನೆನೆದರೆ ಈಗಲೂ ಮನಸ್ಸಿಗೆ ನೋವಾಗುತ್ತದೆ. ಬಡವರ ಮಕ್ಕಳು ಶಾಲೆಯ ಗೇಟಿನ ಮುಂದೆ ತಿನ್ನುವುದು ಆ ಎಣ್ಣೆಯಲ್ಲಿ ಕರಿದದ್ದನ್ನೇ.

ನಡುವೆ ಬೇರೆ ಪ್ರಯೋಗಗಳೂ ಆದವು. ಏರ್ ಫ್ರೈಯರ್‌ನಲ್ಲಿ ಮಿರ್ಚಿ ಮಾಡಲು ಹೋದಾಗ ಹಿಟ್ಟು ಜಾರಿ ತಟ್ಟೆಗೆ ಅಂಟಿತು, ಆರು ಸಾವಿರದ ಯಂತ್ರ ಈಗ ಮನೆಯಲ್ಲಿ ಶೇಂಗಾ ಹುರಿಯುತ್ತಿದೆ. ಆಲೂಗಡ್ಡೆ ಬಜ್ಜಿಯಲ್ಲಿ ಫಲ ಸಿಕ್ಕಿತು: ಫ್ರಿಜ್ಜಿನಲ್ಲಿಟ್ಟ ಗಡ್ಡೆಯಲ್ಲಿ ಸಕ್ಕರೆಯಂಶ ಏರಿ, ಕರಿದಾಗ ಬೇಗ ಕಂದಾಗುತ್ತದೆ, ಅಕ್ರಿಲಮೈಡ್ ಎಂಬ ಕೆಟ್ಟ ವಸ್ತುವೂ ಹೆಚ್ಚಾಗುತ್ತದೆ. ಹೊರಗಿಟ್ಟ ಗಡ್ಡೆಯನ್ನು ಹೆಚ್ಚಿ ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ಒರೆಸಿ, ಹೊಂಬಣ್ಣಕ್ಕೇ ತೆಗೆದರೆ ರುಚಿಯೂ ಉತ್ತಮ. ಬಿಸಿ ಮಿರ್ಚಿಯನ್ನು ಪತ್ರಿಕೆಯ ಹಾಳೆಯಲ್ಲಿ ಕಟ್ಟುವುದನ್ನೂ ಬಿಟ್ಟೆ, ಜಿಡ್ಡು ಮಸಿಯನ್ನು ಎಳೆದುಕೊಳ್ಳುತ್ತದೆ. ಮುತ್ತುಗದ ಎಲೆಗೆ ದಿನಕ್ಕೆ ಅರವತ್ತು ರೂಪಾಯಿ ಹೆಚ್ಚು ಬೀಳುತ್ತದೆ, ಬೀಳಲಿ.

ಇಷ್ಟಾದರೂ ನನ್ನ ಮಿರ್ಚಿ ಆರೋಗ್ಯದ ಆಹಾರವೆಂದು ಗಿರಾಕಿಗೆ ನಾನು ಹೇಳುವುದಿಲ್ಲ. ಒಂದರಲ್ಲಿ ನಾಲ್ಕೂವರೆ ಗ್ರಾಂ ಎಣ್ಣೆ ಎಂದರೆ ನಾಲ್ಕು ತಿಂದವರಿಗೆ ಹದಿನೆಂಟು ಗ್ರಾಂ; ಕೂತು ಕೆಲಸ ಮಾಡುವವರಿಗೆ ಇಡೀ ದಿನಕ್ಕೆ ಸಾಕೆನ್ನುವ ಎಣ್ಣೆಯೇ 25ರಿಂದ 30 ಗ್ರಾಂ. ಎಣ್ಣೆ ಎಷ್ಟೇ ಹೊಸದಿದ್ದರೂ ಗ್ರಾಮಿಗೆ ಒಂಬತ್ತು ಕ್ಯಾಲೊರಿ ತಪ್ಪುವುದಿಲ್ಲ, ಜಿಡ್ಡು ಹೊಟ್ಟೆಯಲ್ಲಿ ನಿಧಾನವಾಗಿ ಕರಗುವುದರಿಂದ ರಾತ್ರಿ ಮಲಗಿದವರಿಗೆ ಎದೆಯುರಿಯೂ ತಪ್ಪುವುದಿಲ್ಲ. ಅದಕ್ಕೇ ಆರರ ಪ್ಲೇಟನ್ನು ನಿಲ್ಲಿಸಿ ಎರಡರದು, ಮೂರರದು ಮಾತ್ರ ಇಟ್ಟಿದ್ದೇನೆ, ಮಂಡಕ್ಕಿಯನ್ನು ಹೆಚ್ಚು ಹಾಕಿ ಕೊಡುತ್ತೇನೆ. ತಂದೆಯವರಿಗೆ ಭಾನುವಾರ ಒಂದು, ಅದೂ ಹೊಸ ಎಣ್ಣೆಯ ಮೊದಲ ಸರದಿಯದು.

ಬಗೆಹರಿಯದೆ ಉಳಿದದ್ದು ಬೇಸಿಗೆ. ಮಳೆಗಾಲದಲ್ಲಿ ಗಿರಾಕಿ ಸಾಲು ನಿಲ್ಲುವುದರಿಂದ ಎಣ್ಣೆ ತಾನಾಗಿ ಹೊಸದಾಗುತ್ತಿರುತ್ತದೆ; ಏಪ್ರಿಲ್‌ನಲ್ಲಿ ಮಾರಾಟ ದಿನಕ್ಕೆ ಮುನ್ನೂರು ಮಿರ್ಚಿಗೆ ಇಳಿದಾಗ ಅದೇ ಐದು ಲೀಟರ್ ಸುಮ್ಮನೆ ಕಾಯುತ್ತ ಕೂತು ಮೊದಲ ರಾತ್ರಿಗೇ 20 ತೋರಿಸುತ್ತದೆ. ಹೋದ ವರ್ಷ ಆ ಎರಡು ತಿಂಗಳಲ್ಲಿ ಏಳೆಂಟು ಸಾವಿರ ಕೈ ಬಿಟ್ಟಿತು. ಈ ಸಲ ಮೂರು ಲೀಟರಿನ ಇನ್ನೊಂದು ಬಾಣಲೆಗೆ ಅಳತೆ ಕೊಟ್ಟು ಬಂದಿದ್ದೇನೆ, ಯುಗಾದಿಯೊಳಗೆ ಕೈಗೆ ಬರಬೇಕು.