ಫ್ಲ್ಯಾಶ್ ಹಾಕಿದರೂ ಫೋಟೋ ಅಲುಗುವುದೇಕೆ? ರಾತ್ರಿ ಕುಣಿತವನ್ನು ಹೀಗೆ ಸೆರೆಹಿಡಿಯಿರಿ

ಸಾಗರದ ಮಾರಿಕಾಂಬಾ ಜಾತ್ರೆಯಲ್ಲಿ ತೆಗೆದ ಒಂದು ಫೋಟೋ ನನ್ನ ಹತ್ತಿರ ಇನ್ನೂ ಇದೆ. ಡೊಳ್ಳು ಕಟ್ಟಿಕೊಂಡ ಹುಡುಗ ನೆಲ ಬಿಟ್ಟು ಹಾರಿದ್ದಾನೆ. ಹಣೆಯ ಬೆವರ ಹನಿಯೂ ಸ್ಪಷ್ಟವಾಗಿದೆ. ಆದರೆ ಅವನ ಕೆನ್ನೆಯೊಳಗಿಂದ ಹಿಂದಿನ ಬಳೆ ಅಂಗಡಿಯ ಬಲ್ಬು ಹೊಳೆಯುತ್ತಿದೆ! ಕೋಲು ಹಿಡಿದ ಕೈಯ ಪಕ್ಕ ಮಸುಕಾದ ಇನ್ನೊಂದು ಕೈ. ಜಾತ್ರೆ ಬರುವುದು ಮೂರು ವರ್ಷಕ್ಕೊಮ್ಮೆ, ಹಾಗಾಗಿ ಮತ್ತೆ ತೆಗೆಯೋಣ ಅಂದರೆ ಅಷ್ಟು ಕಾಯಬೇಕು. ತುಂಬಾ ಬೇಸರವಾಗಿತ್ತು.

ಆವತ್ತು ಕ್ಯಾಮೆರಾದಲ್ಲಿ ಇದ್ದದ್ದು ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 1600, ಎಫ್/4 (ಲೆನ್ಸಿನ ತೂತಿನ ಅಳತೆ; ಅಂಕಿ ದೊಡ್ಡದಾದಷ್ಟೂ ತೂತು ಚಿಕ್ಕದು), ಶಟರ್ ತೆರೆದಿರುವ ಹೊತ್ತು 1/30 ಸೆಕೆಂಡು. ತಪ್ಪು ಅಲ್ಲೇ ಇತ್ತು.

ಫ್ಲ್ಯಾಶ್ ಹಾಕಿ ಒಂದು ಸಲ ಕ್ಲಿಕ್ ಮಾಡಿದರೆ ಕ್ಯಾಮೆರಾ ಎರಡು ಫೋಟೋ ತೆಗೆಯುತ್ತದೆ ಅಂದುಕೊಳ್ಳಿ. ಒಂದು ಫ್ಲ್ಯಾಶ್ ಬೆಳಕಿನದು, ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. ಇನ್ನೊಂದು ಅಲ್ಲಿರುವ ಬಲ್ಬು, ಟ್ಯೂಬ್‌ಲೈಟಿನ ಬೆಳಕಿನದು, ಶಟರ್ ತೆರೆದಿರುವಷ್ಟು ಹೊತ್ತೂ ದಾಖಲಾಗುತ್ತಲೇ ಇರುತ್ತದೆ. ಎರಡೂ ಒಂದರ ಮೇಲೊಂದು ಕೂರುತ್ತವೆ. ಫ್ಲ್ಯಾಶ್ ಹೊಡೆದಾಗ ಹುಡುಗನ ಕೆನ್ನೆ ಒಂದು ಕಡೆ ದಾಖಲಾಯಿತು, ಮರುಗಳಿಗೆ ಅವನು ಅಲ್ಲಿಂದ ಸರಿದ, ಶಟರ್ ಇನ್ನೂ ತೆರೆದೇ ಇತ್ತು, ಅಷ್ಟರಲ್ಲಿ ಹಿಂದಿದ್ದ ಬಲ್ಬಿನ ಬೆಳಕು ಅದೇ ಜಾಗಕ್ಕೆ ಬಂದು ಬಿತ್ತು. ಕೈ ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಬೀಸಿದರೂ 1/30 ಸೆಕೆಂಡಿನಲ್ಲಿ 10 ಸೆಂಟಿಮೀಟರ್ ಸರಿದುಬಿಡುತ್ತದೆ. ಅಷ್ಟಗಲದ ಮಸುಕು ಕಾಣದೇ ಇರುತ್ತದೆಯೇ?

ಅಂದರೆ ನಾವು ಮಾಡಬೇಕಾದ್ದು ಆ ಎರಡನೇ ಫೋಟೋವನ್ನು ಕತ್ತಲೆ ಮಾಡುವುದು.

ಮೊದಲು ಫ್ಲ್ಯಾಶ್ ಆಫ್ ಮಾಡಿ ಒಂದು ಫೋಟೋ ತೆಗೆಯಿರಿ. ಇದನ್ನು ಯಾರೂ ಮಾಡುವುದಿಲ್ಲ, ಆದರೆ ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಫೋಟೋ ಹೆಚ್ಚುಕಡಿಮೆ ಕಪ್ಪಾಗಿ ಬಂದರೆ ಭಯವಿಲ್ಲ. ಕುಣಿಯುವವರು ಗುರುತು ಸಿಗುವಷ್ಟು ಕಂಡರೆ ಗೋಸ್ಟ್, ಅಂದರೆ ಆ ಮಸುಕಾದ ಎರಡನೇ ಆಕೃತಿ, ಬಂದೇ ಬರುತ್ತದೆ.

ಆಮೇಲೆ ಮೋಡನ್ನು ಎಂ ಗೆ (ಮ್ಯಾನುಯಲ್, ಸೆಟ್ಟಿಂಗ್ ಎಲ್ಲ ನೀವೇ ಇಡುವುದು) ತಿರುಗಿಸಿ. ಫ್ಲ್ಯಾಶಿನ ಸೆಟ್ಟಿಂಗ್‌ನಲ್ಲಿ ಸ್ಲೋ ಸಿಂಕ್ ಇದ್ದರೆ ಆಫ್ ಮಾಡಿ, ಅದು ಹಿನ್ನೆಲೆ ಕಾಣಲಿ ಅಂತ ಶಟರನ್ನು ನಿಧಾನ ಮಾಡುತ್ತದೆ. ಶಟರನ್ನು ನಿಮ್ಮ ಕ್ಯಾಮೆರಾದ ಸಿಂಕ್ ವೇಗಕ್ಕೆ, ಅಂದರೆ ಮಾಮೂಲಿ ಫ್ಲ್ಯಾಶ್ ಜೊತೆ ಬಳಸಬಹುದಾದ ಅತಿ ಹೆಚ್ಚಿನ ಶಟರ್ ವೇಗಕ್ಕೆ, ಏರಿಸಿ, ಸಾಮಾನ್ಯವಾಗಿ ಅದು 1/200 ಅಥವಾ 1/250. ಅದಕ್ಕಿಂತ ಮೇಲೆ ಹೋದರೆ ಶಟರಿನ ಎರಡು ಪರದೆಗಳು ಒಟ್ಟಿಗೆ ಪೂರ್ತಿ ತೆರೆದಿರುವ ಗಳಿಗೆಯೇ ಇರುವುದಿಲ್ಲ, ಫೋಟೋದ ಒಂದು ಕಡೆ ಕಪ್ಪು ಪಟ್ಟಿ ಬರುತ್ತದೆ. ಅದಕ್ಕಿಂತ ವೇಗದ ಶಟರಿಗೂ ಫ್ಲ್ಯಾಶ್ ಹೊಡೆಯುವ ಹೈ ಸ್ಪೀಡ್ ಸಿಂಕ್ ಇದೆಯಲ್ಲ ಅಂತ ಕೇಳಬಹುದು. ಇದೆ, ಆದರೆ ಅದರಲ್ಲಿ ಫ್ಲ್ಯಾಶ್ ಬಿಟ್ಟುಬಿಟ್ಟು ಮಿಡಿಯುವುದರಿಂದ ಬೆಳಕಿನ ಬಲ ಬಹಳ ಕಡಿಮೆಯಾಗುತ್ತದೆ. ಅದು ಹಗಲಿಗೆ ಸರಿ, ರಾತ್ರಿ ಬೇಡ.

ಈಗ ಐಎಸ್‌ಒ 400, ಎಫ್/5.6 ಇಡಿ. ನನ್ನ ಹಳೆಯ ಸೆಟ್ಟಿಂಗ್‌ಗೂ ಇದಕ್ಕೂ ಹೋಲಿಸಿದರೆ ಜಾತ್ರೆಯ ಬಲ್ಬಿನ ಬೆಳಕು ಸುಮಾರು 50ರಲ್ಲಿ ಒಂದು ಪಾಲು ಮಾತ್ರ ದಾಖಲಾಗುತ್ತದೆ.

ಇನ್ನು ಫ್ಲ್ಯಾಶಿನ ಪವರ್. ಜಾಸ್ತಿ ಪವರ್ ಕೊಟ್ಟರೆ ಚಲನೆಯನ್ನು ಚೆನ್ನಾಗಿ ನಿಲ್ಲಿಸುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಉಲ್ಟಾ! ಕ್ಯಾಮೆರಾ ಮೇಲೆ ಕೂರಿಸುವ ಸ್ಪೀಡ್‌ಲೈಟ್ ಪವರ್ ಇಳಿಸಿದಷ್ಟೂ ಕಡಿಮೆ ಹೊತ್ತು ಬೆಳಗುತ್ತದೆ. ಫುಲ್ ಪವರ್‌ನಲ್ಲಿ ಸೆಕೆಂಡಿನ ಕೆಲವು ನೂರರಲ್ಲಿ ಒಂದು ಭಾಗ, 1/16 ಪವರ್‌ನಲ್ಲಿ ಹಲವು ಸಾವಿರದಲ್ಲಿ ಒಂದು ಭಾಗ. 1/5000 ಸೆಕೆಂಡಿನಲ್ಲಿ ಅದೇ ಕೈ ಸರಿಯುವುದು ಬರೀ 0.6 ಮಿಲಿಮೀಟರ್. ಹಾಗಾಗಿ 1/16 ಪವರ್‌ನಿಂದ ಶುರು ಮಾಡಿ, ಕುಣಿಯುವವರಿಂದ 3 ಮೀಟರ್ ದೂರದಲ್ಲಿ ನಿಲ್ಲುವಷ್ಟು ಹತ್ತಿರ ಹೋಗಿ. ದೂರ ಅರ್ಧವಾದರೆ ಬೆಳಕು ನಾಲ್ಕು ಪಟ್ಟು ಸಿಗುತ್ತದೆ, ಪವರ್ ಏರಿಸುವುದಕ್ಕಿಂತ ಎರಡು ಹೆಜ್ಜೆ ಮುಂದೆ ಹಾಕುವುದೇ ಲಾಭ. ಸ್ಟುಡಿಯೋದ ಹಳೆಯ ದೊಡ್ಡ ಫ್ಲ್ಯಾಶ್‌ಗಳಿಗೆ ಮಾತ್ರ ಈ ಲೆಕ್ಕ ಹೊಂದುವುದಿಲ್ಲ, ಅವುಗಳಲ್ಲಿ ಹಲವು ಪವರ್ ಇಳಿಸಿದರೆ ಇನ್ನೂ ನಿಧಾನವಾಗುತ್ತವೆ. ಮೊಬೈಲಿನ ಎಲ್‌ಇಡಿ ಅಂತೂ ಸುಮ್ನೆ ಉರಿಯುವ ಟಾರ್ಚ್ ಇದ್ದ ಹಾಗೆ, ಅದು ಏನನ್ನೂ ನಿಲ್ಲಿಸುವುದಿಲ್ಲ.

ನಿಲ್ಲುವ ಜಾಗವನ್ನೂ ನೋಡಿಕೊಳ್ಳಿ. ಹಿಂದೆ ಸೀರಿಯಲ್ ಲೈಟ್, ಬಿಳಿ ಗೋಡೆ ಇದ್ದರೆ ಗೋಸ್ಟ್ ಎದ್ದು ಕಾಣುತ್ತದೆ, ಅಡಿಕೆ ತೋಟದ ಕತ್ತಲೆ ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಮಳೆಗಾಲದಲ್ಲಿ ಆಗುಂಬೆ ಕಡೆ ಫ್ಲ್ಯಾಶ್ ಹಾಕಿದಾಗ ಬಿಳಿ ಉಂಡೆಗಳು ತೇಲುತ್ತವಲ್ವಾ, ಅದು ಬೇರೆ ವಿಷಯ. ಲೆನ್ಸಿನ ಹತ್ತಿರದ ಹನಿಗಳು ಹೊಳೆಯುವುದು ಅದು. ಫ್ಲ್ಯಾಶನ್ನು ಕ್ಯಾಮೆರಾದಿಂದ ಬಿಚ್ಚಿ ಕೈ ಚಾಚಿ ಪಕ್ಕಕ್ಕೆ ಹಿಡಿದರೆ ಕಡಿಮೆಯಾಗುತ್ತದೆ.

ಹಿನ್ನೆಲೆ ಪೂರ್ತಿ ಕಪ್ಪಾದರೆ ಜಾತ್ರೆಯ ಕಳೆಯೇ ಹೋಗುತ್ತದೆ ಅನ್ನುವುದೂ ನಿಜ. ದೀಪಾವಳಿ ರಾತ್ರಿ ಮನೆಮನೆಗೆ ಹೋಗಿ ಹಾಡುವ ಅಂಟಿಗೆ ಪಂಟಿಗೆಯವರು ದೀಪ ಹಿಡಿದು ಬರುವಾಗ ಆ ಬೆಳಕಿನ ಗೆರೆ ಸ್ವಲ್ಪ ಇರಲಿ ಅಂತ ನನಗೂ ಅನಿಸುತ್ತದೆ. ಆಗ ಶಟರ್ 1/4ಕ್ಕೆ ಇಳಿಸಿ, ಫ್ಲ್ಯಾಶನ್ನು ರಿಯರ್ ಕರ್ಟನ್‌ಗೆ ಹಾಕಿ. ಮಾಮೂಲಿನಂತೆ ಫ್ಲ್ಯಾಶ್ ಹೊಡೆಯುವುದು ಶಟರ್ ತೆರೆದ ಕೂಡಲೇ, ಆದ್ದರಿಂದ ಗೆರೆ ಅವರ ಮುಂದೆ ಬಂದು ಹಿಂದಕ್ಕೆ ನಡೆಯುತ್ತಿರುವಂತೆ ಕಾಣುತ್ತದೆ. ರಿಯರ್ ಕರ್ಟನ್‌ನಲ್ಲಿ ಕೊನೆಗೆ ಹೊಡೆಯುತ್ತದೆ, ಗೆರೆ ಬೆನ್ನ ಹಿಂದೆ ಉಳಿಯುತ್ತದೆ.

ಕುಣಿತ ಶುರುವಾಗುವ ಮೊದಲೇ ಹೋಗಿ ತಂಡದವರನ್ನು ಒಂದು ಮಾತು ಕೇಳಿ, ಫ್ಲ್ಯಾಶ್ ಕಣ್ಣಿಗೆ ಹೊಡೆದರೆ ಹೆಜ್ಜೆ ತಪ್ಪಬಹುದು. ಜೊತೆಗೆ ಬಂದವರಿಗೆ ಅದೇ ಜಾಗದಲ್ಲಿ ನಿಂತು ಟವೆಲ್ ಬೀಸಲು ಹೇಳಿ. ನಾಲ್ಕು ಫೋಟೋ ತೆಗೆದು, ಸ್ಕ್ರೀನಿನಲ್ಲಿ ದೊಡ್ಡದು ಮಾಡಿ ಟವೆಲ್ಲಿನ ಅಂಚು ನೋಡಿ. ಒಂದೇ ಅಂಚಿದ್ದರೆ ಸರಿ. ಎರಡು ಕಂಡರೆ ಐಎಸ್‌ಒ 200ಕ್ಕೆ ಇಳಿಸಿ, ಒಂದು ಹೆಜ್ಜೆ ಹತ್ತಿರ ಹೋಗಿ, ಇನ್ನೊಂದು ಸಲ ಬೀಸಲು ಹೇಳಿ.