ನೈಟ್ ರಿಜಿಸ್ಟರ್

ಮೊದಲ ನಾಲ್ಕು ವರ್ಷ ನಾನು ನೈಟ್ ರಿಜಿಸ್ಟರ್ ತೆಗೆದು ನೋಡಿಯೇ ಇರಲಿಲ್ಲ. ಅದು ರಾತ್ರಿ ಡ್ಯೂಟಿಯ ಅಟೆಂಡರ್ ಬರೆಯುವ ಉದ್ದನೆಯ ಪುಸ್ತಕ. ಯಾರು ಎಷ್ಟು ಗಂಟೆಗೆ ಮಲಗಿದರು, ಯಾರು ಎದ್ದರು, ಯಾರಿಗೆ ಮಾತ್ರೆ ಕೊಟ್ಟರು, ಅಷ್ಟೇ. ನಾನು ಎಂ.ಎಸ್.ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದಿದ ಕೌನ್ಸೆಲರ್, ಹಗಲು ಕೆಲಸದವಳು. ಆ ಪುಸ್ತಕ ನನಗ್ಯಾಕೆ ಅಂದುಕೊಂಡಿದ್ದೆ.

ನಮ್ಮದು ಚಿಕ್ಕಬಳ್ಳಾಪುರದ ಹೊರಗಿರುವ 24 ಹಾಸಿಗೆಯ ಕುಡಿತ ಬಿಡಿಸುವ ಕೇಂದ್ರ. ಗಂಡಸರಿಗೆ ಮಾತ್ರ, 45 ದಿನ. ಶಿಡ್ಲಘಟ್ಟ, ಚಿಂತಾಮಣಿ, ಬಾಗೇಪಲ್ಲಿ, ಗೌರಿಬಿದನೂರು ಕಡೆಯವರು ಬರುತ್ತಾರೆ. ರೇಷ್ಮೆ ಬೆಳೆಯುವವರು, ಡೇರಿಗೆ ಹಾಲು ಹಾಕುವವರು, ದ್ರಾಕ್ಷಿ ತೋಟದವರು, ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗುವವರು. ಬಾಗೇಪಲ್ಲಿಯವರು ಕನ್ನಡದಲ್ಲಿ ಚೆನ್ನಾಗಿಯೇ ಮಾತಾಡುತ್ತಿರುತ್ತಾರೆ, ಅಳು ಬಂದ ಕೂಡಲೇ ತೆಲುಗಿಗೆ ಹೊರಳುತ್ತಾರೆ. ನಾನು ತೆಲುಗು ಕಲಿತದ್ದೇ ಹಾಗೆ.

ಮೊದಲ ವಾರ ನನ್ನದಲ್ಲ, ಡಾಕ್ಟರದು. ದಿನಾ ಕುಡಿಯುವವರು ತಟ್ಟನೆ ನಿಲ್ಲಿಸಿದರೆ ಆರೆಂಟು ಗಂಟೆಯಲ್ಲೇ ಕೈ ನಡುಗಲು ಶುರುವಾಗುತ್ತದೆ. ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಭ್ರಮೆ ಹಿಡಿಯುತ್ತದೆ. ಗೋಡೆ ಮೇಲೆ ಇರುವೆ ಹರಿಯುತ್ತಿದೆ ಎನ್ನುತ್ತಾರೆ, ಹೊದಿಕೆಯಿಂದ ಇಲ್ಲದ ಹುಳ ಹೆಕ್ಕುತ್ತಾರೆ. ಮನೆಯವರು ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸಲು ಹೊರಡುತ್ತಾರೆ. ಅದು ಗಾಳಿಯಲ್ಲ, ಸಾಯಲೂಬಹುದಾದ ಸ್ಥಿತಿ. ಅದಕ್ಕೇ ಮನೆಯಲ್ಲಿ ಕೂಡಿಹಾಕಿ ಬಿಡಿಸಲು ಹೋಗಬೇಡಿ ಅಂತ ಫೋನ್ ಮಾಡಿದವರಿಗೆಲ್ಲ ಹೇಳುತ್ತೇನೆ. ಗ್ಲೂಕೋಸ್ ಹಾಕುವ ಮುಂಚೆ ಬಿ1 ವಿಟಮಿನ್ ಇಂಜೆಕ್ಷನ್ ಆಗಬೇಕು. ನಿದ್ದೆ ಮಾತ್ರೆಯನ್ನು ದಿನದಿಂದ ದಿನಕ್ಕೆ ಇಳಿಸುತ್ತಾ ಬರಬೇಕು. ಕೈ ಮೀರಿದರೆ ಜಿಲ್ಲಾ ಆಸ್ಪತ್ರೆ, ಇಲ್ಲವೇ ಬೆಂಗಳೂರಿನ ನಿಮ್ಹಾನ್ಸ್.

ವಾರ ಕಳೆದು ಕೈ ನಡುಕ ನಿಂತ ಮೇಲೆ ನನ್ನ ಪಾಳಿ. ಆಗೆಲ್ಲ ನಾನು ಮಾಡುತ್ತಿದ್ದದ್ದು ಏನು? ಲಿವರ್ ಚಿತ್ರ ತೋರಿಸುವುದು. ಗುಂಪಿನಲ್ಲಿ ಕೂರಿಸಿ 'ನಿಮ್ಮ ಜೀವನದ ಕತೆ ಹೇಳಿ' ಅನ್ನುವುದು. ಯಾರಾದರೂ ಅತ್ತರೆ ಕ್ಲಾಸ್ ಚೆನ್ನಾಗಾಯಿತು ಅಂತ ಒಳಗೊಳಗೇ ಖುಷಿ ಪಡುವುದು.

ಒಬ್ಬ ಲಾರಿ ಡ್ರೈವರ್ ಇದ್ದರು. ಬಂದು ಹನ್ನೊಂದನೇ ದಿನ. ಅವರ ಸರದಿ ಬಂತು. ಎಂಟು ವರ್ಷದವರಿದ್ದಾಗ ಅಪ್ಪ ನೇಣು ಹಾಕಿಕೊಂಡಿದ್ದನ್ನು ಮೊದಲು ಕಂಡವರು ಅವರೇ. ಹಗ್ಗ ಕೊಯ್ಯಲು ಕುಡುಗೋಲು ತಂದುಕೊಟ್ಟವರೂ ಅವರೇ. ಎಲ್ಲವನ್ನೂ ಹೇಳಿದರು. ಗುಂಪಿಗೆ ಗುಂಪೇ ಅತ್ತಿತು. ನಾನು ಭುಜ ತಟ್ಟಿ, 'ಮನಸ್ಸು ಹಗುರ ಆಯ್ತಲ್ವಾ' ಅಂದೆ. ಹೂಂ ಮೇಡಂ ಅಂದರು. ಆ ರಾತ್ರಿ ಕಾಂಪೌಂಡ್ ಹಾರಿ ಹೋದರು. ಮರುದಿನ ಮಧ್ಯಾಹ್ನ ಅವರ ತಮ್ಮ ಆಟೋದಲ್ಲಿ ಹಾಕಿಕೊಂಡು ಬಂದಾಗ ಮೈಮೇಲೆ ಎಚ್ಚರವೇ ಇರಲಿಲ್ಲ.

ನಾನು ರಾತ್ರಿ ಅಟೆಂಡರ್ ಮೇಲೆ ರೇಗಾಡಿದೆ. ನಿದ್ದೆ ಮಾಡ್ತಿದ್ರಾ ನೀವು? ಆತ ವಯಸ್ಸಾದವರು, ಹಿಂದೆ ಪೌಲ್ಟ್ರಿಯಲ್ಲಿ ರಾತ್ರಿ ಕಾವಲಿದ್ದವರು. ಮಾತಾಡದೆ ರಿಜಿಸ್ಟರ್ ತಂದು ನನ್ನ ಮುಂದೆ ಇಟ್ಟರು. ಹತ್ತು ದಿನದಿಂದ ಒಂದೇ ಥರ ಬರೆದಿದ್ದರು. '12:40 ಎದ್ದರು. ಕಿಟಕಿ ಹತ್ರ ನಿಂತರು. 1:15 ನೀರು ಕೇಳಿದರು. ಲೈಟ್ ಆರಿಸಬೇಡ ಅಂದರು.' ಕೊನೆ ದಿನ ಮಾತ್ರ, '12:10 ಎದ್ದರು. ಮೈ ಬೆವರು. ಮೇಡಂಗೆ ಹೇಳಬೇಕು.'

'ಬರೆದಿದ್ದೆ ಮೇಡಂ. ನೀವು ಓದ್ತೀರಾ ಅಂದ್ಕೊಂಡಿದ್ದೆ' ಅಂದರು.

ಆ ವಾರ ಮೂರು ತಿಂಗಳ ಹಿಂದಿನ ಪುಟಗಳನ್ನೆಲ್ಲ ಕೂತು ಓದಿದೆ. ಕುಡಿತ ಬಿಟ್ಟ ಮೊದಲ ವಾರಗಳಲ್ಲಿ ನಿದ್ದೆ ಕೆಡುವುದು ಮಾಮೂಲಿ. ಇದು ಹಾಗಿರಲಿಲ್ಲ. ಅದೇ ಜನ, ಹೆಚ್ಚುಕಡಿಮೆ ಅದೇ ಹೊತ್ತಿಗೆ ಎದ್ದು ಕೂರುತ್ತಿದ್ದರು. ಒಬ್ಬರು ನಿದ್ದೆಯಲ್ಲಿ 'ಬುಡು, ಬುಡು' ಅಂತ ಕೂಗುತ್ತಿದ್ದರು. ಇನ್ನೊಬ್ಬರು ಬಾಗಿಲಿಗೆ ಬೆನ್ನು ಮಾಡಿ ಮಲಗಲು ಒಪ್ಪುತ್ತಿರಲಿಲ್ಲ. ವಾರಕ್ಕೆರಡು ದಿನ ಬರುವ ಮನೋವೈದ್ಯರಿಗೆ ತೋರಿಸಿದೆ. ಅವರು 1998ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಬಗ್ಗೆ ಹೇಳಿದರು. ಬಾಲ್ಯದಲ್ಲಿ ಏಟು, ಲೈಂಗಿಕ ಹಿಂಸೆ, ಮನೆಯಲ್ಲಿ ಕುಡುಕರು, ತಾಯಿಗೆ ಬೀಳುವ ಹೊಡೆತ, ಇಂಥದ್ದರಲ್ಲಿ ನಾಲ್ಕೋ ಅದಕ್ಕಿಂತ ಜಾಸ್ತಿಯೋ ಬಗೆಯವನ್ನು ಕಂಡವರಿಗೆ, ಒಂದನ್ನೂ ಕಾಣದವರಿಗಿಂತ ಕುಡಿತ, ಡ್ರಗ್ಸ್, ಖಿನ್ನತೆ, ಆತ್ಮಹತ್ಯೆ ಯತ್ನದ ಅಪಾಯ 4ರಿಂದ 12 ಪಟ್ಟು ಹೆಚ್ಚಂತೆ. ಆಮೇಲೆ ಡಾಕ್ಟರು ಕನ್ನಡಕ ತೆಗೆದು, 'ನೀವು ಗಾಯದ ಪಟ್ಟಿ ಬಿಚ್ಚಿದ್ರಿ, ಆದ್ರೆ ಕೈಯಲ್ಲಿ ಔಷಧಿ ಇರಲಿಲ್ಲ' ಅಂದರು. ಬೈಗುಳವೇ ಅದು. ಬೈಸಿಕೊಳ್ಳಬೇಕಿತ್ತು.

ಅಲ್ಲಿಂದ ಕ್ರಮ ಬದಲಾಯಿತು. ಮೊದಲ ಎರಡು ವಾರ ಯಾರಿಂದಲೂ ಕತೆ ಹೇಳಿಸುವುದಿಲ್ಲ. ತಾವಾಗಿ ಶುರು ಮಾಡಿದರೂ 'ಇದು ಮುಖ್ಯ, ನಿಧಾನಕ್ಕೆ ಮಾತಾಡೋಣ' ಅಂತ ತಡೆಯುತ್ತೇನೆ. ಕೆಲವರು ಕೊನೆವರೆಗೂ ಹೇಳುವುದಿಲ್ಲ. ಹೇಳಲೇಬೇಕು ಅಂತೇನೂ ಇಲ್ಲ. ಹಾಸಿಗೆ ಅವರೇ ಆರಿಸಿಕೊಳ್ಳುತ್ತಾರೆ. ವರಾಂಡದ ಲೈಟ್ ರಾತ್ರಿಯಿಡೀ ಉರಿಯುತ್ತದೆ. ಹಳೆಯದು ನುಗ್ಗಿ ಬಂದಾಗ ಈ ಹೊತ್ತಿಗೆ, ಈ ಜಾಗಕ್ಕೆ ವಾಪಸ್ ಬರುವ ಉಪಾಯ ಕಲಿಸುತ್ತೇವೆ. ಕಾಣುವ ಐದು ವಸ್ತು ಎಣಿಸು, ಕೇಳುವ ಮೂರು ಸದ್ದು ಹೇಳು ಅನ್ನುವ ತರಬೇತಿಯ ಪಾಠ ನಮ್ಮವರಿಗೆ ಮಕ್ಕಳಾಟದಂತೆ ಕಂಡಿತು. ಅದರ ಬದಲು ಬಸ್ ದಾರಿಯ ಊರುಗಳ ಹೆಸರು ಹೇಳಿಸತೊಡಗಿದೆವು. ಬರಿಗಾಲಲ್ಲಿ ಅಂಗಳದ ಮಣ್ಣಿನ ಮೇಲೆ ನಿಂತು, ಕೈಯಲ್ಲಿ ತಣ್ಣೀರಿನ ಚೊಂಬು ಹಿಡಿದು, ಶಿಡ್ಲಘಟ್ಟ, ವಿಜಯಪುರ, ದೇವನಹಳ್ಳಿ, ಯಲಹಂಕ, ಹೆಬ್ಬಾಳ. ಮೆಜೆಸ್ಟಿಕ್ ಮುಟ್ಟುವಷ್ಟರಲ್ಲಿ ಉಸಿರು ಹದಕ್ಕೆ ಬಂದಿರುತ್ತದೆ.

ಮತ್ತೊಂದು ಬದಲಾವಣೆಗೆ ಮನೆಯವರೇ ಅಡ್ಡ ನಿಂತರು. ಮೊದಲು ಬರಲೊಪ್ಪದವರನ್ನು ರಾತ್ರಿ ಹೊತ್ತು ನಾಲ್ಕು ಜನ ಹಿಡಿದು ಜೀಪಿಗೆ ಹಾಕಿ ತರುವುದಿತ್ತು. ಅದನ್ನು ಬಿಟ್ಟೆವು. 'ನಾಲ್ಕು ಬಾರ್ಸಿ ಮೇಡಂ, ಬುದ್ಧಿ ಬರ್ಲಿ' ಅನ್ನುವವರಿಗೆ, 2017ರ ಮಾನಸಿಕ ಆರೋಗ್ಯ ಕಾಯ್ದೆ ಕುಡಿತದ ಕಾಯಿಲೆಗೂ ಅನ್ವಯಿಸುತ್ತದೆ, ಸರಪಳಿ ಹಾಕುವಂತಿಲ್ಲ, ಹಿಂಸೆ ಕೊಡುವಂತಿಲ್ಲ ಅಂತ ಹೇಳುತ್ತೇನೆ. ಕಾನೂನು ಒಂದು ಕಡೆ ಇರಲಿ. ಏಟು ತಿಂದೇ ಬೆಳೆದವರಿಗೆ ಇನ್ನೊಂದು ಏಟು ಹೊಸದಾಗಿ ಏನು ಕಲಿಸುತ್ತದೆ? ಸಾಂಬಾರಿನಲ್ಲಿ ಗೊತ್ತಾಗದ ಹಾಗೆ ಮಾತ್ರೆ ಬೆರೆಸಿಕೊಡಿ ಅಂತಲೂ ಕೇಳುತ್ತಾರೆ. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಮಾತ್ರೆ ಒಳಗಿರುವಾಗ ಕುಡಿದರೆ ಜೀವಕ್ಕೇ ಕುತ್ತು ಬರಬಹುದು. ಅವರಿಗೆ ಹೇಳದೆ ಕೊಡುವ ಮಾತೇ ಇಲ್ಲ.

ಈಗ ರೇಷ್ಮೆ ಬೆಳೆಯುವ ಒಬ್ಬರ ವಿಷಯ. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ.

ಶಿಡ್ಲಘಟ್ಟ ತಾಲ್ಲೂಕಿನವರು, 42 ವರ್ಷ. ಒಂದೂವರೆ ಎಕರೆ ಹಿಪ್ಪುನೇರಳೆ. ಹುಳ ಸಾಕುವುದರಲ್ಲಿ ಕೈ ಒಳ್ಳೆಯದು. ಆದರೆ ಗೂಡು ಮಾರಲು ಮಾರ್ಕೆಟ್ಟಿಗೆ ಹೋದರೆ ಎರಡು ದಿನ ಮನೆಗೆ ಬರುತ್ತಿರಲಿಲ್ಲ. ಕೈಯಲ್ಲಿ ದುಡ್ಡು ಬಂತಲ್ಲ, ಅದಕ್ಕೇ ಕುಡಿದರು ಅನ್ನುವುದು ಹೆಂಡತಿಯ ಲೆಕ್ಕ. ನನ್ನದೂ ಅದೇ ಲೆಕ್ಕವಿತ್ತು. ಮೂರು ವಾರ ಚೆನ್ನಾಗಿದ್ದರು. ಆದರೆ ರಿಜಿಸ್ಟರಿನಲ್ಲಿ ಕೆಲವು ರಾತ್ರಿ ಮಾತ್ರ 'ಊಟ ಬಿಟ್ಟರು, ಮನೆಗೆ ಕಳಿಸಿ ಅಂದರು' ಅಂತ ಬರುತ್ತಿತ್ತು. ಯಾಕೆ ಅಂತ ಕಂಡುಹಿಡಿದವರು ಅಟೆಂಡರ್ ಅಜ್ಜನೇ. 'ಮೇಡಂ, ಪಡುವಣ ಗಾಳಿ ಬೀಸಿದ ದಿನ ನೋಡಿ.' ನಮ್ಮ ಪಡುವಣಕ್ಕೆ ಒಂದು ಹೊಲ ಇದೆ. ಅಲ್ಲಿ ನೂಲು ಬಿಚ್ಚಿ ಉಳಿದ ರೇಷ್ಮೆ ಹುಳ ಒಣಗಲು ಹರಡುತ್ತಾರೆ. ಶಿಡ್ಲಘಟ್ಟದ ಬೀದಿಗಳಲ್ಲಿ ಓಡಾಡಿದವರಿಗೆ ಆ ವಾಸನೆ ಬಿಡಿಸಿ ಹೇಳಬೇಕಾಗಿಲ್ಲ.

ನಾನು ಒಂದೇ ಪ್ರಶ್ನೆ ಕೇಳಿದೆ. ಚಿಕ್ಕವರಿದ್ದಾಗ ಎಲ್ಲಿ ಕೆಲಸ ಮಾಡ್ತಿದ್ರಿ?

'ಒಂಬತ್ತು ವರ್ಷಕ್ಕೆ ಫಿಲೇಚರ್‌ಗೆ ಬಿಟ್ರು ಮೇಡಂ. ಅಪ್ಪ ಎಂಟುನೂರು ಮುಂಗಡ ತಗೊಂಡಿದ್ರು.'

ಫಿಲೇಚರ್ ಅಂದರೆ ಗೂಡಿನಿಂದ ನೂಲು ಬಿಚ್ಚುವ ಕಾರ್ಖಾನೆ. ಕುದಿಯುವ ನೀರಿನಲ್ಲಿ ಗೂಡು ಮುಳುಗಿಸಿ ಎಳೆಯ ತುದಿ ಹುಡುಕುವ ಕೆಲಸ. ಬೆರಳ ತುದಿ ಬೆಳ್ಳಗಾಗಿ, ಸುಲಿದು, ಹುಣ್ಣು. ಎಳೆ ತಪ್ಪಿದರೆ ಬಿಸಿ ಸೌಟಿನಿಂದಲೇ ಏಟು. ರಾತ್ರಿ ಉರಿಯಿಂದ ನಿದ್ದೆ ಬಾರದೆ ಅಳುತ್ತಿದ್ದರೆ, ದೊಡ್ಡ ಕೆಲಸಗಾರರು ಕನಿಕರಪಟ್ಟು ಸಾರಾಯಿ ಪ್ಯಾಕೆಟ್ ಕತ್ತರಿಸಿ ಎರಡು ಗುಟುಕು ಕುಡಿಸುತ್ತಿದ್ದರು. ಜೀತವನ್ನು 1976ರಲ್ಲೇ ಕಾನೂನಿನಲ್ಲಿ ನಿಷೇಧಿಸಿದ್ದರು. ಇದು ನಡೆದದ್ದು ಆಮೇಲೆ ಹನ್ನೆರಡು ಹದಿಮೂರು ವರ್ಷಕ್ಕೆ. 2007ರ ಜುಲೈನಲ್ಲಿ ಸಾರಾಯಿ ನಿಂತಿತು, ಅವರು ತೊಂಬತ್ತು ಎಂ.ಎಲ್. ವಿಸ್ಕಿಗೆ ಬಂದರು. ಅವರ ಮಟ್ಟಿಗೆ ಕುಡಿತ ಶುರುವಾದದ್ದು ಮಜಾಕ್ಕಲ್ಲ, ಗಾಯದ ಔಷಧಿಯಾಗಿ. ಹಾಗಂತ ಗೂಡಿನ ದುಡ್ಡಿನ ಪಾತ್ರ ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಎರಡೂ ಇತ್ತು.

ಮುಂದಿನ ಚಿಕಿತ್ಸೆ ನನ್ನ ಕೈಯದಲ್ಲ. ಆ ಹಳೆಯ ನೆನಪುಗಳನ್ನೇ ಹಿಡಿದು ಕೆಲಸ ಮಾಡಲು ಬೇರೆ ತರಬೇತಿ ಬೇಕು. ಅದಕ್ಕೆ ಬೆಂಗಳೂರಿನ ಮನಶ್ಶಾಸ್ತ್ರಜ್ಞರ ಹತ್ತಿರ ವಾರಕ್ಕೊಮ್ಮೆ ಕಳಿಸಿದೆವು. ನನಗಿದ್ದದ್ದು ಮನೆಯವರ ಕೆಲಸ. ಅದರಲ್ಲೂ ನಾನು ಮೊದಲು ತಪ್ಪೇ ಮಾಡುತ್ತಿದ್ದೆ.

ಹಿಂದೆ ಭಾನುವಾರ ಫ್ಯಾಮಿಲಿ ಕ್ಲಾಸ್ ಅಂತ ಇತ್ತು. ಎಲ್ಲರೂ ಒಂದೇ ಹಾಲ್‌ನಲ್ಲಿ. ಹೆಂಡತಿಯರು ಪಟ್ಟಿ ಹೇಳುತ್ತಿದ್ದರು, ಒಡವೆ ಮಾರಿದ್ದು, ಹಸು ಮಾರಿದ್ದು. ಗಂಡಂದಿರು ತಲೆ ತಗ್ಗಿಸುತ್ತಿದ್ದರು. ಅತ್ತೆ ಎದ್ದು, 'ನೀನು ನೆಟ್ಟಗಿದ್ದಿದ್ರೆ ಅವನ್ಯಾಕೆ ಕುಡೀತಿದ್ದ' ಅನ್ನುತ್ತಿದ್ದರು. ಸಂಜೆ ಎಲ್ಲರೂ ಇನ್ನಷ್ಟು ಗಾಯ ಮಾಡಿಕೊಂಡು ಬಸ್ ಹತ್ತುತ್ತಿದ್ದರು.

ಈಗ ಮನೆಯವರನ್ನು ಮೊದಲು ಒಂಟಿಯಾಗಿ ಕಾಣುತ್ತೇನೆ. ಹನ್ನೊಂದರಿಂದ ಒಂದು ಗಂಟೆ ಒಳಗೆ, ಯಾಕೆಂದರೆ ಸಂಜೆ ಡೇರಿ ಹೊತ್ತಿಗೆ ಊರು ಸೇರಬೇಕು. ಹುಳ ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದಿದ್ದರೆ ಬನ್ನಿ ಅಂತ ಕರೆಯುವುದೇ ಇಲ್ಲ. ಸೊಪ್ಪು ಹಾಕುವವರು ಯಾರು? ನಾವು ಕರೆದರೂ ಬರಲ್ಲ, ಆಸಕ್ತಿಯಿಲ್ಲ ಅಂತ ಹಿಂದೆ ಫೈಲಿನಲ್ಲಿ ಬರೆಯುತ್ತಿದ್ದೆವು. ನಾಚಿಕೆಯಾಗುತ್ತದೆ.

ಆ ರೇಷ್ಮೆಯವರ ಹೆಂಡತಿಗೆ ಗಂಡನ ವಿಷಯ ಕೇಳಲಿಲ್ಲ. 'ನಿಮಗೆ ನಿದ್ದೆ ಹೇಗಿದೆಯಮ್ಮಾ?' ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಹನ್ನೆರಡು ವರ್ಷದಿಂದ ಸೀರೆ ಬಿಗಿಯಾಗಿ ಸುತ್ತಿಕೊಂಡೇ ಮಲಗುವುದಂತೆ. ಚಪ್ಪಲಿ ಬಾಗಿಲ ಪಕ್ಕ. ಮಗಳ ಶಾಲೆ ಬ್ಯಾಗಿನಲ್ಲಿ ಒಂದು ಜೊತೆ ಬಟ್ಟೆ ಯಾವಾಗಲೂ ಇರುತ್ತದೆ. ಮಗಳಿಗೆ 13 ವರ್ಷ. ದೂರದಿಂದ ಬೈಕ್ ಸದ್ದು ಕೇಳಿಯೇ ಅಪ್ಪ ಎಷ್ಟು ಕುಡಿದಿದ್ದಾರೆ ಅಂತ ಹೇಳಬಲ್ಲಳು. ಹೊಡೀತಾರಾ ಅಂತ ಕೇಳಿದೆ. ಇದನ್ನು ಒಂಟಿಯಾಗಿದ್ದಾಗ ಮಾತ್ರ ಕೇಳಬೇಕು. ಹೂಂ ಅಂದರು.

ಇಲ್ಲಿ ಒಂದು ಮಾತು. ಹಳೇ ಏಟು ತಿಂದವರು ಅಂತ ಅವರು ಕೊಟ್ಟ ಏಟು ಮಾಫಿ ಆಗುವುದಿಲ್ಲ. ನಮ್ಮಲ್ಲಿ ಕೆಲವು ಕೌನ್ಸೆಲರ್‌ಗಳು ಅನುಕಂಪದಲ್ಲಿ ಇದನ್ನು ಮರೆಯುತ್ತಾರೆ. ನಾನು ಆ ಹೆಂಡತಿಗೆ 2005ರ ಕೌಟುಂಬಿಕ ಹಿಂಸೆ ಕಾಯ್ದೆ, ತಾಲ್ಲೂಕಿನಲ್ಲಿ ಯಾರನ್ನು ಕಾಣಬೇಕು, ಮಹಿಳಾ ಸಹಾಯವಾಣಿಯ 181 ನಂಬರ್, ಎಲ್ಲ ಹೇಳಿದೆ. ಗಂಡನ ಜೊತೆ ಕೂರಲು ಇಷ್ಟವಿದೆಯೋ ಇಲ್ಲವೋ ಅನ್ನುವುದು ಅವರದೇ ತೀರ್ಮಾನ ಅಂದೆ. ಎರಡು ಸಲ ಬೇಡ ಅಂದರು. ಮೂರನೇ ಸಲ ತಾವೇ ಕೇಳಿದರು.

ಇಬ್ಬರನ್ನೂ ಕೂರಿಸಿದ್ದು ಐದನೇ ವಾರ. ನಲವತ್ತು ನಿಮಿಷ, ಒಬ್ಬೊಬ್ಬರು ಒಂದೇ ವಿಷಯ, ಇಡೀ ಹದಿನಾರು ವರ್ಷದ ಲೆಕ್ಕ ಬೇಡ ಅಂತ ಮೊದಲೇ ಒಪ್ಪಂದ. ಅವರು ಎರಡೇ ಮಾತಿನಲ್ಲಿ ಫಿಲೇಚರ್ ವಿಷಯ ಹೇಳಿದರು. ನಾನು ಹೆಂಡತಿ ಅಳುತ್ತಾರೆ ಅಂತ ಟಿಶ್ಯೂ ಡಬ್ಬಿ ಹತ್ತಿರ ಸರಿಸಿಟ್ಟಿದ್ದೆ. ಅವರು ಅಳಲಿಲ್ಲ. 'ಕೈ ತೋರ್ಸಿ' ಅಂದರು. ಹದಿನಾರು ವರ್ಷದಿಂದ ಕಂಡ ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಸಿಟ್ಟು ಬಂತು ನೋಡಿ. 'ಮೊದ್ಲೇ ಹೇಳಿದ್ರೆ ನಾನು ಮಾರ್ಕೆಟ್ಟಿಗೆ ಹೋಗಿ ಹೋಗಿ ಅಂತ ಯಾಕೆ ಕಳಿಸ್ತಿದ್ದೆ? ನನ್ನ ತಮ್ಮ ಇರ್ಲಿಲ್ವಾ?'

ಅವತ್ತು ತೀರ್ಮಾನವಾದದ್ದು ಮೂರೇ. ಗೂಡು ಮಾರಲು ಹೆಂಡತಿಯೂ ಅವರ ತಮ್ಮನೂ ಹೋಗುತ್ತಾರೆ. ದುಡ್ಡು ಹೆಂಡತಿಯ ಖಾತೆಗೆ. ಕೈ ಎತ್ತಿದರೆ ಆ ದಿನವೇ ಅವರು ಮಗಳನ್ನು ಕರೆದುಕೊಂಡು ತವರಿಗೆ, ಜಗಳವಿಲ್ಲ, ಚರ್ಚೆಯಿಲ್ಲ. ಕ್ಷಮೆಯ ಮಾತು ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಮನೆಗೆ ಹೋಗಿ ನಾಲ್ಕನೇ ತಿಂಗಳು, ಅಪ್ಪನ ತಿಥಿ ದಿನ ಕುಡಿದರು. ಎಂಟುನೂರು ಮುಂಗಡ ತಗೊಂಡ ಅಪ್ಪ. ಆ ದಿನದ ಬಗ್ಗೆ ನಾವು ಮೊದಲೇ ಯೋಚಿಸಬೇಕಿತ್ತು, ಯೋಚಿಸಿರಲಿಲ್ಲ. ಹೆಂಡತಿ ಮೊದಲೇ ಆಗಿದ್ದ ತೀರ್ಮಾನದಂತೆ ಮಗಳ ಜೊತೆ ತವರಿಗೆ ಹೋಗಿದ್ದರು, ಹೊಡೆತದ ತನಕ ಕಾಯಲಿಲ್ಲ. ರಾತ್ರಿ ಗಂಡ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ ಯಾರ ಜೊತೆಗೋ ಮಾತಾಡಿದ್ದಾರೆ. ಬೆಳಿಗ್ಗೆ ತಾವೇ ಬಸ್ ಹತ್ತಿ ನಮ್ಮಲ್ಲಿಗೆ ಬಂದರು. ಆರು ದಿನ ಇದ್ದು ಹೋದರು. ಈಗ ಎರಡನೇ ವರ್ಷ. ನಡುವೆ ಇನ್ನೊಂದು ಸಲ ಜಾರಿದ್ದಾರೆ.

ಅಟೆಂಡರ್ ಅಜ್ಜ ಹೋದ ಯುಗಾದಿಗೆ ಕೆಲಸ ಬಿಟ್ಟರು. ಕಣ್ಣು ಕಾಣುವುದಿಲ್ಲ ಅಂತ. ಅವರ ಜಾಗಕ್ಕೆ ಹೊಸ ಹುಡುಗ ಬಂದಿದ್ದಾನೆ, ಡಿಪ್ಲೊಮಾ ಆಗಿದೆ, ಅಕ್ಷರ ಮುತ್ತಿನ ಹಾಗೆ. ಮೊದಲ ವಾರ ದಿನಾ ಒಂದೇ ಸಾಲು ಬರೆದಿದ್ದ. 'ಎಲ್ಲರೂ ಚೆನ್ನಾಗಿ ಮಲಗಿದ್ದರು.' ಇಪ್ಪತ್ತನಾಲ್ಕು ಜನ! ಶನಿವಾರ ರಾತ್ರಿ ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು ಹೋಗಿ, ವರಾಂಡದಲ್ಲಿ ಅವನ ಪಕ್ಕ ಇನ್ನೊಂದು ಕುರ್ಚಿ ಹಾಕಿಕೊಂಡು ಕೂತೆ. 12:50ಕ್ಕೆ ಮೂರನೇ ಹಾಸಿಗೆಯವರು ಎದ್ದರು.