24 ಅಡಿ ಬೋಟಿಗೆ ಗಾಡಿ ಹುಡುಕಿದ್ದು

ಬೋಟ್ ತಂದ ಮೊದಲ ವರ್ಷ, ಮೇ ತಿಂಗಳ ಕೊನೆಯಲ್ಲಿ ನನಗೆ ಬಿಸಿ ತಾಗಿತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಹೇಗೂ ನಿಷೇಧ. ನನ್ನದು ಮೀನು ಹಿಡಿಯುವ ಬೋಟಲ್ಲ, ಜನರನ್ನು ಹೊಳೆಯಲ್ಲಿ ಸುತ್ತಾಡಿಸುವ ಫೈಬರ್ ಬೋಟ್. ಆದರೂ ಮಳೆಗಾಲದಲ್ಲಿ ಅದನ್ನು ಅಳಿವೆ ಬಾಗಿಲಿನ ಹತ್ತಿರ ಕಟ್ಟಿಟ್ಟು ಮನೆಯಲ್ಲಿ ನಿದ್ದೆ ಮಾಡಲಿಕ್ಕಾಗುತ್ತದಾ? ಉಡುಪಿ ಹತ್ತಿರದ ಕೋಡಿಬೆಂಗ್ರೆಯಿಂದ ಪರ್ಕಳದ ಮನೆ ಅಂಗಳಕ್ಕೆ ತರಲೇಬೇಕಿತ್ತು. ಟ್ರೈಲರ್ ಇತ್ತು. ಎಳೆಯುವ ಗಾಡಿಯ ಬಗ್ಗೆ ನಾನು ಯೋಚನೆಯೇ ಮಾಡಿರಲಿಲ್ಲ.

ಭಾವನ ಹತ್ತಿರ ಏಳು ಸೀಟಿನ ಹೊಸ ಗಾಡಿ. "ಒಳ್ಳೆ ಪವರ್ ಉಂಟು ಮಾರಾಯ, ಎಳೀತದೆ" ಅಂದರು. ಪವರ್ ಇತ್ತು, ಸುಳ್ಳಲ್ಲ. ಆದರೆ ಅದು ಮುಂದಿನ ಚಕ್ರ ಎಳೆಯುವ ಗಾಡಿ. ಹೊಳೆ ಬದಿಯ ಇಳಿಜಾರಿನ ತುದಿಯಲ್ಲಿ ಹಾವಸೆ ಕಟ್ಟಿತ್ತು. ಏರಿನಲ್ಲಿ ಭಾರ ಹೇಗೂ ಹಿಂದಕ್ಕೆ ಹೋಗುತ್ತದೆ, ಸಾಲದ್ದಕ್ಕೆ ಬೋಟ್ ಬೇರೆ ಹಿಂಬದಿಯನ್ನು ಹಿಡಿದು ಜಗ್ಗುತ್ತದೆ. ಗಾಡಿಯ ಮೂತಿ ಹಗುರವಾಯಿತು. ಮುಂದಿನ ಚಕ್ರಗಳು ನಿಂತಲ್ಲೇ ಗಿರಗಿರ ತಿರುಗಿ ರಬ್ಬರಿನ ವಾಸನೆ ಬಂತು. ಇಡೀ ಗಾಡಿ ಒಂದು ಗೇಣು ಹಿಂದಕ್ಕೆ, ನೀರಿನ ಕಡೆಗೆ ಜಾರಿತು. ಭಾವನ ಮುಖ ನೋಡಲಿಕ್ಕೆ ನನಗೆ ಧೈರ್ಯ ಇರಲಿಲ್ಲ. ಕೊನೆಗೆ ಅಲ್ಲಿದ್ದ ಎಂಟು ಹತ್ತು ಜನ ಹಗ್ಗ ಕಟ್ಟಿ "ಐಲೇಸಾ" ಅಂತ ಎಳೆದರು. ಆಮೇಲೆ ಎಲ್ಲರಿಗೂ ಚಾ, ಬನ್ಸ್.

ಮರುದಿನದಿಂದ ನಾನು ಗಾಡಿ ನೋಡುವುದನ್ನು ಬಿಟ್ಟು ತೂಕ ನೋಡಲು ಹೊರಟೆ. ಬೋಟ್ ಕೊಟ್ಟವರು "ಒಂದು ಟನ್, ಅಷ್ಟೇ" ಅಂದಿದ್ದರು. ಅದು ಬರೀ ಖಾಲಿ ಬೋಟಿನ ತೂಕ. ಅಂದಾಜು 1,050 ಕೆಜಿ ಅಂತಲೇ ಇಟ್ಟುಕೊಂಡೆ. ಹಿಂದೆ ನೇತಾಡುವ 75 ಎಚ್‌ಪಿ ಎಂಜಿನ್ 160 ಕೆಜಿ. 120 ಲೀಟರ್ ಪೆಟ್ರೋಲ್ ಅಂದರೆ ಸುಮಾರು 90 ಕೆಜಿ. ಲಂಗರು, ಹಗ್ಗ, ಲೈಫ್ ಜಾಕೆಟ್, ಬ್ಯಾಟರಿ, ಐಸ್ ಪೆಟ್ಟಿಗೆ ಸೇರಿ 120. ಟ್ರೈಲರ್ 520. ನನ್ನ ಲೆಕ್ಕ 1,940ಕ್ಕೆ ನಿಂತಿತು. ವೇ ಬ್ರಿಡ್ಜ್‌ನಲ್ಲಿ ಗಾಡಿ ಬಿಚ್ಚಿ ಟ್ರೈಲರ್ ಮಾತ್ರ ನಿಲ್ಲಿಸಿದರೆ 2,060 ತೋರಿಸಿತು. ಉಳಿದ 120 ಎಲ್ಲಿಂದ ಬಂತು ಅಂತ ಮನೆಗೆ ಬಂದು ಬೋಟಿನ ಹಿಂಬದಿಯ ಬೂಚು ತೆಗೆದೆ. ನೆಲಹಲಗೆಯ ಅಡಿಯಿಂದ ಮಳೆನೀರು ಸುರಿಯಲಿಕ್ಕೆ ಶುರುವಾದದ್ದು ಕಾಲು ಗಂಟೆಯಾದರೂ ನಿಲ್ಲಲಿಲ್ಲ. ಅಷ್ಟು ನೀರನ್ನು ನಾನು ಸುಮ್ನೆ ಊರೆಲ್ಲ ಹೊತ್ತು ತಿರುಗಿದ್ದೆ.

ಇನ್ನೊಂದು ತೂಕ ಇದಕ್ಕಿಂತ ಮುಖ್ಯ. ಟ್ರೈಲರಿನ ಮೂತಿ ಗಾಡಿಯ ಹುಕ್ಕಿನ ಮೇಲೆ ಎಷ್ಟು ಭಾರ ಹಾಕುತ್ತದೆ ಅನ್ನುವುದು. ಪರಿಚಯದ ತೆಂಗಿನಕಾಯಿ ವ್ಯಾಪಾರಿಯ ಅಂಗಡಿಗೆ ಹೋಗಿ ದೊಡ್ಡ ತಕ್ಕಡಿ ಕೇಳಿದೆ. "ಬೋಟ್ ತೂಗಲಿಕ್ಕಾ ಮಾರಾಯ್ರೆ?" ಅಂತ ನಕ್ಕರು. ತಕ್ಕಡಿ ಮೇಲೆ ಒಂದು ಮರದ ತುಂಡು ಇಟ್ಟು, ಹುಕ್ಕಿನ ಎತ್ತರಕ್ಕೆ ಸರಿಯಾಗಿ ಟ್ರೈಲರಿನ ಮೂತಿ ಕೂರಿಸಿದೆವು. ಬರೀ 45 ಕೆಜಿ. ಬೋಟಿನ ಟ್ರೈಲರಿಗೆ ಇದು ಒಟ್ಟು ತೂಕದ ನೂರಕ್ಕೆ 5ರಿಂದ 10ರಷ್ಟು ಇರಬೇಕು. ನನ್ನದಕ್ಕೆ 100ರಿಂದ 200 ಕೆಜಿ. ಎಂಜಿನ್ ಹಿಂದೆ ಇರುವುದರಿಂದ ಬೋಟಿನ ಟ್ರೈಲರಿನ ಮೂತಿ ಬೇಗ ಹಗುರವಾಗುತ್ತದೆ. ಹಗುರವಾದರೆ ರಸ್ತೆಯಲ್ಲಿ ಹಿಂಬದಿ ಎಡಕ್ಕೆ ಬಲಕ್ಕೆ ಬೀಸಲು ಶುರು ಮಾಡುತ್ತದೆ. ಸಂತೆಕಟ್ಟೆ ಹತ್ತಿರ ಹೈವೇಯಲ್ಲಿ ಅರವತ್ತರ ವೇಗಕ್ಕೆ ಹಾಗೆ ಬೀಸಿದ್ದು ಗಾಳಿಯಿಂದ ಅಂತ ನಾನು ತಿಳಿದಿದ್ದೆ! (ಹಾಗಾದಾಗ ಬ್ರೇಕ್ ತುಳಿಯಬಾರದು. ಸ್ಟೇರಿಂಗ್ ನೇರ ಹಿಡಿದು ಆಕ್ಸಿಲರೇಟರ್ ಬಿಟ್ಟರೆ ತಾನಾಗಿ ಹದಕ್ಕೆ ಬರುತ್ತದೆ.) ಬೋಟನ್ನು ಟ್ರೈಲರಿನ ಮೇಲೆ ಒಂದು ಅಡಿ ಮುಂದಕ್ಕೆ ಸರಿಸಿದ ಮೇಲೆ ತಕ್ಕಡಿ 140 ತೋರಿಸಿತು. ಇದಕ್ಕೆ ಖರ್ಚಾದದ್ದು ಬೋಟನ್ನು ಟ್ರೈಲರಿಗೆ ಎಳೆದು ಹಿಡಿಯುವ ವಿಂಚ್ ಕಂಬ ಸರಿಸಿದ ವೆಲ್ಡಿಂಗ್ ಮಾತ್ರ.

ಇಷ್ಟಾದ ಮೇಲೆ ಗಾಡಿ ಹುಡುಕಲು ಕೂತೆ. ಮೊದಲು ಗೆಳೆಯನ ಬೊಲೆರೊ. ಗಟ್ಟಿ ಚಾಸಿ (ಅಡಿಯ ಉಕ್ಕಿನ ಚೌಕಟ್ಟು), ಹಿಂದಿನ ಚಕ್ರ ಎಳೆಯುತ್ತದೆ. ಇಂದ್ರಾಳಿಯಿಂದ ಮಣಿಪಾಲದ ಏರನ್ನು ಎರಡನೇ ಗೇರಿನಲ್ಲಿ ಗೊಣಗುತ್ತಾ ಹತ್ತಿತು. ನನಗೆ ಭಯ ಹುಟ್ಟಿದ್ದು ವಾಪಸ್ ಇಳಿಯುವಾಗ. ಗಾಡಿಗಿಂತ ಬೋಟೇ ಭಾರ. ನನ್ನ ಟ್ರೈಲರಿಗೆ ಆಗ ಬ್ರೇಕ್ ಇರಲಿಲ್ಲ. ಬ್ರೇಕ್ ತುಳಿದರೂ ಹಿಂದಿನಿಂದ ಯಾರೋ ಕೈಹಾಕಿ ದೂಡಿದ ಹಾಗೆ. ಎಳೆಯುವುದು ದೊಡ್ಡದಲ್ಲ, ನಿಲ್ಲಿಸುವುದು ದೊಡ್ಡದು ಅಂತ ಅವತ್ತು ಹೊಟ್ಟೆಯೊಳಗೆ ತಿಳಿಯಿತು. ಟ್ರೈಲರಿಗೆ ಮೊದಲು ಓವರ್‌ರನ್ ಬ್ರೇಕ್ ಹಾಕಿಸಿದೆ. ಮುಂದಿನ ಗಾಡಿ ನಿಧಾನ ಆದಾಗ ಟ್ರೈಲರ್ ಮುಂದಕ್ಕೆ ಒತ್ತುತ್ತದೆ, ಆ ಒತ್ತಡದಲ್ಲೇ ತನ್ನ ಬ್ರೇಕ್ ಹಿಡಿಯುತ್ತದೆ.

ಗಾಡಿ ನೋಡಲು ಹೋದಲ್ಲೆಲ್ಲ ಮೊದಲು ಮ್ಯಾನ್ಯುಯಲ್ ಕೇಳುತ್ತಿದ್ದೆ. ಬ್ರೇಕ್ ಇರುವ ಟ್ರೈಲರ್ ಎಷ್ಟು, ಇಲ್ಲದ್ದು ಎಷ್ಟು ಅಂತ ಎರಡು ಬೇರೆ ಅಂಕಿ ಇರುತ್ತದೆ. ಕೆಲವು ಕಾರುಗಳಲ್ಲಿ ಟ್ರೈಲರ್ ಎಳೆಯಲೇಬೇಡಿ ಅಂತ ಬರೆದಿರುತ್ತದೆ. ಮಾರುವವರಿಗೆ ಇದು ಗೊತ್ತೇ ಇರುವುದಿಲ್ಲ. ಅವರು ಎಚ್‌ಪಿ ಹೇಳುತ್ತಾರೆ, ಸನ್‌ರೂಫ್ ತೋರಿಸುತ್ತಾರೆ.

ಥಾರ್ ನನಗೆ ತುಂಬ ಇಷ್ಟವಾಗಿತ್ತು. ನಾಲ್ಕೂ ಚಕ್ರ ಎಳೆಯುವ ಫೋರ್ ವೀಲ್, ನಿಧಾನಕ್ಕೆ ಜಾಸ್ತಿ ಬಲ ಕೊಡುವ ಲೋ ಗೇರ್ (ಲೋ ರೇಂಜ್) ಎರಡೂ ಇದೆ. ಆದರೆ ಮೂರು ಬಾಗಿಲಿನ ಥಾರ್‌ನಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2,450 ಮಿಮೀ ಮಾತ್ರ. ಗಿಡ್ಡ ಗಾಡಿಯನ್ನು ಉದ್ದದ ಬೋಟ್ ಸುಲಭದಲ್ಲಿ ಅಲ್ಲಾಡಿಸುತ್ತದೆ. ಫಾರ್ಚೂನರ್ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು, ನನ್ನ ಕಿಸೆಗೆ ಅಲ್ಲ. ಕೊನೆಗೆ ತೆಗೆದುಕೊಂಡದ್ದು 2018ರ ಇಸುಜು ವಿ-ಕ್ರಾಸ್ ಪಿಕಪ್, ಸೆಕೆಂಡ್ ಹ್ಯಾಂಡ್. 2.5 ಲೀಟರ್ ಡೀಸೆಲ್, 134 ಎಚ್‌ಪಿ, 320 ಎನ್‌ಎಂ ಟಾರ್ಕ್ (ತಿರುಗಿಸುವ ಬಲ). ಕಾಗದದ ಮೇಲೆ ಅಂಥ ದೊಡ್ಡ ಎಂಜಿನ್ ಏನಲ್ಲ. ಆದರೆ ಗಾಡಿ ತಾನೇ ಸುಮಾರು ಎರಡು ಟನ್, ಚಕ್ರಗಳ ಅಂತರ 3,095 ಮಿಮೀ, ಮತ್ತೆ ಲೋ ರೇಂಜ್ ಫೋರ್ ವೀಲ್ ಇದೆ. ಘಟ್ಟದ ಮೇಲಿನ ಗಾಡಿಯನ್ನೇ ಹುಡುಕಿದೆ. ನಮ್ಮ ಕರಾವಳಿ ಗಾಡಿಗಳ ಅಡಿ ಬಗ್ಗಿ ನೋಡಿದರೆ ಗೊತ್ತಾಗುತ್ತದೆ ಯಾಕೆ ಅಂತ. ಹುಕ್ಕನ್ನು ಬಂಪರಿಗಲ್ಲ, ಚಾಸಿಗೇ ಬೋಲ್ಟ್ ಹಾಕಿಸಬೇಕು. ಅಲ್ಲಿ ತುಕ್ಕು ಇದ್ದರೆ ಎಲ್ಲ ವ್ಯರ್ಥ. ಹುಕ್ಕಿನ ಗುಂಡಿನಲ್ಲೂ 50 ಮಿಮೀ, ಎರಡು ಇಂಚು ಅಂತ ಎರಡು ಅಳತೆ ಇದೆ. ನೋಡಲು ಒಂದೇ ಥರ. ಅಳೆದೇ ತನ್ನಿ. ಟ್ರೈಲರಿಗೂ ಬೇರೆ ನೋಂದಣಿ ಬೇಕು, ಅದನ್ನು ಮರೆಯಬೇಡಿ.

ಒಂದು ಮಾತು ಹೇಳಿಬಿಡುತ್ತೇನೆ. ಬೋಟನ್ನು ವರ್ಷಕ್ಕೆ ಎರಡೇ ಬಾರಿ ಸಾಗಿಸುವುದಾದರೆ ಗಾಡಿ ಕೊಳ್ಳುವುದು ಹುಚ್ಚುತನ. ಒಂದು ಕ್ರೇನ್, ಒಂದು ಲಾರಿ ಬಾಡಿಗೆಗೆ ಹಿಡಿಯಿರಿ. ನಾನು ತಿಂಗಳಿಗೆ ಮೂರು ನಾಲ್ಕು ಸಲ ಬೇರೆ ಬೇರೆ ಹೊಳೆಗೆ ಇಳಿಸುತ್ತೇನೆ, ಹಾಗಾಗಿ ಕೊಂಡೆ.

ಈಗಿನ ಕ್ರಮ ಹೀಗೆ. ಇಳಿಜಾರಿನ ಹತ್ತಿರ ಬಂದ ಕೂಡಲೇ ನೀರಿಗಿಳಿಸುವುದಿಲ್ಲ. ಓಡಿ ಬಂದ ಚಕ್ರದ ಹಬ್ (ಬೇರಿಂಗ್ ಇರುವ ನಡುಭಾಗ) ಬಿಸಿ ಇರುತ್ತದೆ. ತಣ್ಣೀರಿಗೆ ಮುಳುಗಿಸಿದರೆ ಒಳಗಿನ ಗಾಳಿ ಕುಗ್ಗಿ ಉಪ್ಪುನೀರನ್ನು ಬೇರಿಂಗಿಗೆ ಎಳೆದುಕೊಳ್ಳುತ್ತದೆ. ಒಮ್ಮೆ ಹಾಗೆ ಮಾಡಿ, ಆಮೇಲೆ ಬಿಚ್ಚಿದಾಗ ಗ್ರೀಸು ಹಾಲಿನ ಕೆನೆಯ ಹಾಗೆ ಬೆಳ್ಳಗಾಗಿತ್ತು. ಒಂದು ಚಾ ಕುಡಿಯುವಷ್ಟು ಹೊತ್ತು ಕಾಯುತ್ತೇನೆ. ಲೈಟಿನ ಪ್ಲಗ್ ತೆಗೆಯುತ್ತೇನೆ. ಭರ್ತಿ ನೀರಿನ (ಉಬ್ಬರದ) ಹೊತ್ತು ನೋಡಿಕೊಂಡೇ ಹೋಗುತ್ತೇನೆ, ಆಗ ಹಾವಸೆಯ ಭಾಗಕ್ಕೆ ಗಾಡಿ ಇಳಿಸಬೇಕಾಗಿಲ್ಲ. ಮನೆಗೆ ಬಂದು ಬಾವಿ ನೀರಲ್ಲಿ ಚಕ್ರ, ಬ್ರೇಕ್, ಗಾಡಿಯ ಅಡಿ ಎಲ್ಲ ತೊಳೆಯುವುದಕ್ಕೆ ಮುಕ್ಕಾಲು ಗಂಟೆ ಬೇಕು. ಬೇಜಾರಿನ ಕೆಲಸವೇ.

ಈ ಮೇಯಲ್ಲಿ ಬೋಟ್ ಮೇಲೆ ತರುವಾಗ ಹಗ್ಗ ಹಿಡಿಯಲು ಯಾರೂ ಬರಬೇಕಾಗಲಿಲ್ಲ. ಲೋ ರೇಂಜ್‌ನಲ್ಲಿ ಕ್ಲಚ್ ಬಿಟ್ಟೆ, ಎತ್ತಿನ ಗಾಡಿಯ ಹಾಗೆ ಮೆಲ್ಲ ಹತ್ತಿತು. ಬೂಚು ತೆಗೆದು ನೀರೆಲ್ಲ ಹೋಗುವವರೆಗೆ ಕಾದೆ. ಸಂತೆಕಟ್ಟೆಯಲ್ಲಿ ಬದಿಗೆ ನಿಲ್ಲಿಸಿ ಒಂದೊಂದೇ ಹಬ್ಬಿಗೆ ಕೈ ಇಟ್ಟು ನೋಡಿದೆ. ಬೆಚ್ಚಗಿತ್ತು, ಅಷ್ಟೇ.